1818ರ ಹನುಮಂತ ಮತ್ತು ಚಿಕ್ಕಪ್ಪನ ಬೋರ್‌ವೆಲ್ ದುಡ್ಡು

ಸ್ಟ್ಯಾಂಡ್‌ಅಪ್ ಮೀಟಿಂಗಲ್ಲಿ ನನ್ನ ಸರದಿ ಬರೋಕೆ ಇನ್ನೂ ಇಬ್ಬರು ಬಾಕಿ ಇದ್ದಾಗ ಚಿಕ್ಕಪ್ಪನ ವಾಟ್ಸಾಪ್ ಬಂತು. ಒಂದು ಫೋಟೋ. ಅಂಗೈ ಮೇಲೆ ತಾಮ್ರದ ಬಣ್ಣದ ದಪ್ಪ ನಾಣ್ಯ, ಅದರ ಮೇಲೆ ಗದೆ ಹಿಡಿದ ಹನುಮಂತ. ಇನ್ನೊಂದು ಫೋಟೋದಲ್ಲಿ ಅದರ ಹಿಂಬದಿ: ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್, ಒನ್ ಆಣಾ, 1818. ಅದರ ಹಿಂದೆಯೇ ವಾಯ್ಸ್ ಮೆಸೇಜು. "ಮಗ, ಇನ್ನೂರು ವರ್ಷದ್ದಂತೆ ಕಣ್ಲಾ. ಪಾರ್ಟಿ ಎರಡು ಲಕ್ಷ ಕೇಳ್ತಾವ್ರೆ. ಬೆಂಗ್ಳೂರಲ್ಲಿ ಇದಕ್ಕೆ ಕೋಟಿ ಕೊಡೋರು ಅವ್ರಂತೆ. ನೀನೊಂದು ಐವತ್ತು ಸಾವ್ರ ಹಾಕು, ಮಿಕ್ಕಿದ್ದು ನಾನು ಹೊಂದಿಸ್ಕತೀನಿ."

ಮಿಕ್ಕಿದ್ದು ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತಿತ್ತು. ನಾಗಮಂಗಲದ ಕಡೆಯ ನಮ್ಮೂರಲ್ಲಿ ಅವನ ಹಳೇ ಬೋರು ಬತ್ತಿ ಎರಡು ವರ್ಷ ಆಗಿತ್ತು. ಹೊಸದು ಕೊರೆಸೋಕೆ ಅಂತ ಎರಡು ಹಸು ಮಾರಿ, ಸೊಸೈಟಿ ಸಾಲ ಸೇರಿಸಿ ಒಂದೂವರೆ ಲಕ್ಷ ಜೋಡಿಸಿಟ್ಟಿದ್ದ. ನಾನು ಮ್ಯೂಟ್ ಮಾಡ್ಕೊಂಡು ಒಂದೇ ಸಾಲು ಟೈಪ್ ಮಾಡಿದೆ: "ದುಡ್ಡು ಕೊಡ್ಬೇಡ. ಅದರ ತೂಕ ಎಷ್ಟು ಅಂತ ಕೇಳು. ಶನಿವಾರ ಬರ್ತೀನಿ."

ತೂಕ ಯಾಕೆ ಕೇಳಿದೆ ಅನ್ನೋದಕ್ಕೆ ಮೊದಲು, ಈ ವಿಷಯದಲ್ಲಿ ಮಾತಾಡೋಕೆ ನನಗೇನು ಯೋಗ್ಯತೆ ಅಂತ ಹೇಳಬೇಕು. ನಾನೂ ಟೋಪಿ ಹಾಕಿಸ್ಕೊಂಡವನೇ.

ನಾಣ್ಯದ ಹುಚ್ಚು ಹತ್ತಿದ ಹೊಸತರಲ್ಲಿ, ಆ ವರ್ಷದ ಬೋನಸ್ಸು ಅಕೌಂಟಿಗೆ ಬಿದ್ದ ವಾರ, ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದ ಹೊರಗೆ ಫುಟ್‌ಪಾತಲ್ಲಿ ಬಟ್ಟೆ ಹಾಸಿ ಕೂತಿದ್ದವನ ಹತ್ತಿರ ಆರನೇ ಜಾರ್ಜನ 1939ರ ಬೆಳ್ಳಿ ರೂಪಾಯಿ ಸಿಕ್ಕಿತು. ನಾಣ್ಯ ಕೂಡಿಡುವವರ ಪೈಕಿ 1939 ಅಂದರೆ ಕಿವಿ ನೆಟ್ಟಗಾಗುತ್ತೆ. 1938ರ ರೂಪಾಯಿ ಬೇಕಾದಷ್ಟು ಸಿಗುತ್ತೆ. 1940ಕ್ಕೆ ಯುದ್ಧದ ಬೆಳ್ಳಿ ಅಭಾವ ಶುರುವಾಗಿ, ಅರ್ಧಕ್ಕರ್ಧ ಬೇರೆ ಲೋಹ ಬೆರೆಸಿದ ರೂಪಾಯಿ ಬಂತು. ನಡುವಿನ 1939 ಹಳೇ ಶುದ್ಧತೆಯ ಕೊನೆಯ ವರ್ಷ, ಅದರಲ್ಲಿ ಇವತ್ತಿಗೆ ಉಳಿದಿರೋದು ತೀರಾ ಕಡಿಮೆ. ಅವನು ಹನ್ನೆರಡು ಸಾವಿರ ಅಂದ, ನಾನು ಎಂಟಕ್ಕೆ ಇಳಿಸಿದೆ. ಮನೆಗೆ ಬರೋವರೆಗೂ ಜೇಬು ಮುಟ್ಟಿ ಮುಟ್ಟಿ ನೋಡ್ಕೊಂಡೆ. ತಕ್ಕಡಿಗೆ ಹಾಕಿದರೆ ತೂಕ ಸರಿ, ಸದ್ದು ಸರಿ, ಬೆಳ್ಳಿಯೂ ಸರಿ.

ಮುಂದಿನ ತಿಂಗಳು ವಯಸ್ಸಾದ ಸಂಗ್ರಾಹಕರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸು ಕಣ್ಣಿಗಿಟ್ಟು, ಏನೂ ಹೇಳದೆ ಲೆನ್ಸನ್ನ ನನ್ನ ಕೈಗೇ ಕೊಟ್ಟರು. ಕೊನೇ 9ರ ಸುತ್ತ ಸಣ್ಣ ಸಣ್ಣ ಗೀರುಗಳು. ಉಳಿದ ಅಂಕಿಗಳ ಅಂಚು ಬಳಸಿ ಬಳಸಿ ಮೃದುವಾಗಿದ್ದರೆ ಇದೊಂದರ ಅಂಚು ಮಾತ್ರ ಚೂಪು. ಅದು ಮೊದಲು 8 ಆಗಿತ್ತು. ಯಾರೋ ಕುಸುರಿ ಕೆಲಸ ಬಲ್ಲವನು ಅದರ ಹೊಟ್ಟೆ ಕೆರೆದು 9 ಮಾಡಿದ್ದ. ಲೋಹ ಅಸಲಿ, ಟಂಕಸಾಲೆ ಅಸಲಿ, ರಾಜ ಅಸಲಿ, ಸುಳ್ಳು ಇದ್ದದ್ದು ಒಂದೇ ಅಂಕಿಯಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫೈಲೆಲ್ಲಾ ಸರಿ ಇದೆ, ಟೈಮ್‌ಸ್ಟ್ಯಾಂಪ್ ಒಂದನ್ನ ಎಡಿಟ್ ಮಾಡಿದ್ದಾರೆ. "ಎಂಟು ಸಾವಿರಕ್ಕೆ 1939 ಕೊಡ್ತಾನೆ ಅಂದ್ರೆ ಅವನು ಪೆದ್ದ ಅಂತ ನಿಮಗನ್ನಿಸ್ತಲ್ಲ, ಅಲ್ಲೇ ಎಡವಿದ್ದು ನೀವು" ಅಂದರು. ಬೈದಿದ್ದರೂ ಅಷ್ಟು ನೋಯ್ತಿರಲಿಲ್ಲ.

ಆ ಬೇಜಾರಲ್ಲೇ ಹಳೇ ಪುಸ್ತಕಗಳನ್ನ ಓದೋಕೆ ಶುರು ಮಾಡಿದೆ. ಓದ್ತಾ ಹೋದಂತೆ ಗೊತ್ತಾಗಿದ್ದು, ನಾಣ್ಯದ ಮೇಲಿನ ಇಸವಿಗೂ ಸುಳ್ಳಿಗೂ ನಂಟು ಇವತ್ತಿನದಲ್ಲ, ಸರ್ಕಾರಗಳೇ ಆ ಕೆಲಸ ಮಾಡಿವೆ ಅನ್ನೋದು.

ಪೇಪರಿನಲ್ಲಿ ಚಿನ್ನ ಬೆಳ್ಳಿ ದರದ ಮೇಲೆ 'ಚಿನಿವಾರ ಪೇಟೆ' ಅಂತ ಹಾಕ್ತಾರಲ್ಲ, ಆ ಚಿನಿವಾರ ಯಾರು ಅಂತ ಎಂದಾದರೂ ಯೋಚಿಸಿದ್ದೀರಾ? ನಾಣ್ಯ ಪರೀಕ್ಷೆ ಮಾಡಿ, ಒಂದು ನಾಣ್ಯಕ್ಕೆ ಇನ್ನೊಂದನ್ನ ಬದಲಿಸಿ ಕೊಡುವವನು. ಉತ್ತರದ ಕಡೆ ಸರಾಫ ಅಂದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೇ ಕೆಲಸದ ಸರ್ಕಾರಿ ಅಧಿಕಾರಿಗೆ ರೂಪದರ್ಶಕ ಅಂತ ಹೆಸರು. ಒರೆಗಲ್ಲು, ತಕ್ಕಡಿ ಇವನ ಆಯುಧ. ಇವನು ಇಲ್ಲದೆ ಸಂತೆ ನಡೀತಿರಲಿಲ್ಲ, ಯಾಕೆಂದರೆ ಒಂದೊಂದು ಸೀಮೆಗೆ ಒಂದೊಂದು ನಾಣ್ಯ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮೈಸೂರು ಸೀಮೆ ಸುತ್ತೋಕೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಚಲಾವಣೆಯಲ್ಲಿದ್ದ ಹಣಗಳ ಪಟ್ಟಿಯನ್ನೇ ಕೊಡ್ತಾನೆ. ಅದರಲ್ಲಿ ನನಗೆ ಮಜಾ ಅನ್ನಿಸಿದ್ದು, ಲೆಕ್ಕ ಬರೀತಿದ್ದದ್ದು ಕಂಠೀರಾಯ ವರಹದಲ್ಲಿ, ಆದರೆ ಅಂಥ ನಾಣ್ಯವೇ ಇರಲಿಲ್ಲ. ಹತ್ತು ಕಂಠೀರಾಯ ಹಣ ಸೇರಿದರೆ ಒಂದು ವರಹ ಅಂತ ಬರೀ ಲೆಕ್ಕಕ್ಕೆ. ಆ ಹಣ ಶುರುವಾದದ್ದು ಕಂಠೀರವ ನರಸರಾಜ ಒಡೆಯರ್ ಕಾಲದಲ್ಲಿ, ಹದಿನೇಳನೇ ಶತಮಾನದಲ್ಲಿ. ಪೂರ್ಣಯ್ಯನವರು ದಿವಾನರಾಗಿದ್ದಾಗ ಅದನ್ನೇ ಮತ್ತೆ ಅಚ್ಚು ಹಾಕಿಸಿದರು, ಜನ ಅದನ್ನ ಗಿಡ್ಡ ಕಂಠೀರಾಯಿ ಅಂದರು. ಅರ್ಧ ಗ್ರಾಮಿಗೂ ಕಮ್ಮಿ ತೂಗುವ, ಉಗುರಿನ ಮೇಲೆ ನಿಲ್ಲುವ ಚಿನ್ನದ ತುಣುಕು. ಚಿನಿವಾರ ಇದನ್ನೆಲ್ಲ ನೋಡಿ, ಸವೆದಿದೆ, ಬೇರೆ ಸೀಮೆಯದು, ಹಳೇದು ಅಂತ ಒಂದಿಷ್ಟು ಮುರಿದುಕೊಂಡು ಬದಲಿ ಕೊಡ್ತಿದ್ದ. ಆ ಮುರಿದುಕೊಳ್ಳೋದಕ್ಕೆ ವಟ್ಟ ಅಂತ ಹೆಸರು. ಈ ಮಾತನ್ನ ನಾನು ಮೊದಲು ಕೇಳಿದ್ದು ನಮ್ಮಜ್ಜಿ ಬಾಯಲ್ಲಿ. ಸಂತೆಯಲ್ಲಿ ಹರಿದ ನೋಟು ತಗೊಳ್ಳೋರು "ವಟ್ಟ ಮುರ್ಕೊಂಡ್ರು" ಅಂತಿದ್ದಳು.

ಬಂಗಾಳದಲ್ಲಿ ಈ ವಟ್ಟ ಒಂದು ರೋಗವೇ ಆಗಿತ್ತು. ಅಲ್ಲಿ ಸಿಕ್ಕಾ ರೂಪಾಯಿ ಮೇಲೆ ದೊರೆಯ ಆಳ್ವಿಕೆಯ ವರ್ಷ ಅಚ್ಚಾಗ್ತಿತ್ತು. ಆ ವರ್ಷ ಪೂರ್ತಿ ಅದಕ್ಕೆ ಪೂರ್ತಿ ಬೆಲೆ. ಎರಡನೇ ವರ್ಷಕ್ಕೆ ನೂರಕ್ಕೆ ಮೂರು ಕಡಿತ, ಮೂರನೇ ವರ್ಷದಿಂದ ನೂರಕ್ಕೆ ಐದು. ನಾಣ್ಯ ಚೂರೂ ಸವೆದಿರಬೇಕಿಲ್ಲ, ಕ್ಯಾಲೆಂಡರ್ ಬದಲಾದರೆ ಸಾಕು. ಬೆವರು ಸುರಿಸಿ ದುಡಿದ ರೈತ ಕಂದಾಯ ಕಟ್ಟೋಕೆ ಹೋದರೆ ಹೋದ ವರ್ಷದ ರೂಪಾಯಿಗೆ ವಟ್ಟ. ಇದನ್ನ ನಿಲ್ಲಿಸೋಕೆ ಕಂಪನಿ ಕಂಡುಕೊಂಡ ಉಪಾಯ ನೋಡಿ: 1790ರ ದಶಕದಿಂದ ಎಲ್ಲ ರೂಪಾಯಿಗಳ ಮೇಲೂ ಶಾ ಆಲಮ್ ದೊರೆಯ 19ನೇ ವರ್ಷ ಅಂತಲೇ ಹಾಕೋಕೆ ಶುರು ಮಾಡಿತು. ಎಲ್ಲವೂ ಒಂದೇ ವರ್ಷದ್ದಾದರೆ ಹಳೇದು ಯಾವುದು ಹೊಸದು ಯಾವುದು ಅಂತ ಹೇಗೆ ಹೇಳ್ತೀಯ? ವೇರಿಯಬಲ್ ಆಗಿದ್ದ ಇಸವಿಯನ್ನ ಹಾರ್ಡ್‌ಕೋಡ್ ಮಾಡಿಬಿಟ್ಟರು.

ಚಿಕ್ಕಪ್ಪನ 1818ಕ್ಕೆ ಬರೋಣ. ತಮಾಷೆ ಅಂದರೆ 1818 ನಿಜವಾಗಿಯೂ ದೊಡ್ಡ ವರ್ಷವೇ. ಅಲ್ಲಿವರೆಗೆ ಮದರಾಸಿನಲ್ಲಿ ಲೆಕ್ಕ ನಡೀತಿದ್ದದ್ದು ವರಹ, ಹಣ, ಕಾಸಿನಲ್ಲಿ. 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ಸ್ಟಾರ್ ಪಗೋಡಾ. ಈ ಲೆಕ್ಕ ಬಾಯಲ್ಲಿ ಮಾಡ್ತಿದ್ದ ಶಾನುಭೋಗರಿಗೆ ನನ್ನ ನಮಸ್ಕಾರ. 1818ರ ಜನವರಿಯಲ್ಲಿ ಕಂಪನಿ ಸರ್ಕಾರ ಪಗೋಡಾ ಬಿಟ್ಟು 180 ಗ್ರೇನ್ ತೂಕದ ಬೆಳ್ಳಿ ರೂಪಾಯಿಯನ್ನ ಪ್ರಮಾಣ ನಾಣ್ಯ ಮಾಡಿತು. ನೂರು ಪಗೋಡಾಕ್ಕೆ ಮುನ್ನೂರೈವತ್ತು ರೂಪಾಯಿ ಅಂತ ದರ. ಆದರೆ ಆ ವರ್ಷ ಮದರಾಸಿನಲ್ಲಿ ಅಚ್ಚಾದ ರೂಪಾಯಿ ಮೇಲೆ 1818 ಅಂತ ಇರಲೇ ಇಲ್ಲ! ಅದರ ಮೇಲಿದ್ದದ್ದು ಪಾರ್ಸಿ ಅಕ್ಷರ, ಆರ್ಕಾಟಿನ ಹೆಸರು, ಎರಡನೇ ಆಲಂಗೀರ್ ಅನ್ನೋ ಮೊಗಲ್ ದೊರೆಯ ಹೆಸರು ಮತ್ತು ಹಿಜರಿ 1172. ಅಂದರೆ 1759ರ ಸುಮಾರು. ಆ ದೊರೆ ಕೊಲೆಯಾಗಿ ಆಗಲೇ ಅರವತ್ತು ವರ್ಷ ಹತ್ತಿರ ಬಂದಿತ್ತು. ಜನಕ್ಕೆ ನಂಬಿಕೆ ಇದ್ದದ್ದು ಆ ಛಾಪಿನ ಮೇಲೆ, ಹಾಗಾಗಿ ಕಂಪನಿ ಬಾಯಿ ಮುಚ್ಕೊಂಡು ಸತ್ತವನ ಹೆಸರಲ್ಲೇ ಅಚ್ಚು ಹಾಕ್ತಿತ್ತು.

ತಾಮ್ರದ ಕಾಸುಗಳ ಮೇಲೆ ಇಂಗ್ಲಿಷ್ ಇಸವಿ ಇತ್ತು, ಅದು ನಿಜ. 1803, 1808ರ ಹತ್ತು ಕಾಸು, ಇಪ್ಪತ್ತು ಕಾಸು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಮದರಾಸಿಗೆ ಬರ್ತಿದ್ದವು. ಆದರೆ ಅವುಗಳ ಮೇಲೆ ಕಂಪನಿಯ ಲಾಂಛನ, ಕಾಸಿನ ಲೆಕ್ಕ. ಆಣೆ ಅನ್ನೋ ಮಾತೇ ಇಲ್ಲ. ಕಂಪನಿಯ ಹೆಸರು ಹೊತ್ತ, ಇಡೀ ದೇಶಕ್ಕೆ ಒಂದೇ ರೀತಿಯ ನಾಣ್ಯ ಬಂದದ್ದು 1835ರಲ್ಲಿ, ಅರ್ಧ ಆಣೆಯ ತಾಮ್ರದ ನಾಣ್ಯವೂ ಆ ಸಾಲಿನಲ್ಲೇ ಬಂತು. ಒಂದಾಣೆ ಅಂತ ಒಂದು ನಾಣ್ಯ ಜನರ ಕೈಗೆ ಬರೋಕೆ ಏಳನೇ ಎಡ್ವರ್ಡ್ ಕಾಲ, ಅಂದರೆ 1907ರವರೆಗೆ ಕಾಯಬೇಕಾಯ್ತು. ಅದೂ ತಾಮ್ರದ್ದಲ್ಲ, ತಾಮ್ರ ನಿಕ್ಕಲ್ ಬೆರೆಸಿದ ಬಿಳೀ ನಾಣ್ಯ, ಅಂಚು ಹೂವಿನ ದಳದ ಥರ. ಆಗ ಕಂಪನಿ ಮುಚ್ಚಿಹೋಗಿ ಎಷ್ಟೋ ವರ್ಷ. ಯುಕೆಎಲ್ ಅನ್ನೋ ಅಕ್ಷರಗಳು ಕಂಪನಿಯ ಯಾವ ನಾಣ್ಯದ ಮೇಲೂ ಇಲ್ಲ. ಹನುಮಂತ, ಲಕ್ಷ್ಮಿ, ರಾಮ ಸೀತೆ ಅಂತ ಈ 1818ರ ಬಿಲ್ಲೆಗಳು ಸಂತೆ ಜಾತ್ರೆಗಳಲ್ಲಿ ಸೇರಿನ ಲೆಕ್ಕದಲ್ಲಿ ಸಿಗ್ತವೆ. ಯಾವ ಅಸಲಿಗೂ ಇವು ನಕಲಿ ಅಲ್ಲ, ಯಾಕೆಂದರೆ ಅಸಲಿಯೇ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. 'ಬ್ರಿಟಿಷರು ನಮ್ಮ ದೇವರನ್ನ ನಾಣ್ಯದ ಮೇಲೆ ಹಾಕಿಯೇ ಇಲ್ಲ' ಅಂತ ಕೆಲವರು ವಾದಿಸ್ತಾರೆ. ಅದು ತಪ್ಪು. ಮದರಾಸಿನ ತ್ರೀ ಸ್ವಾಮಿ ಪಗೋಡಾದ ಮೇಲೆ ವೆಂಕಟೇಶ್ವರ ಇಬ್ಬರು ದೇವಿಯರ ಸಮೇತ ನಿಂತಿದ್ದಾನೆ. 1808ರ ಸುಮಾರಿನ ಬೆಳ್ಳಿಯ ಕಾಲು ಪಗೋಡಾದ ಒಂದು ಕಡೆ ದೇವಸ್ಥಾನದ ಗೋಪುರ, ಸುತ್ತ ನಕ್ಷತ್ರ, ಇನ್ನೊಂದು ಕಡೆ ವಿಷ್ಣು. ನಮ್ಮ ಕಡೆ ದೇವರ ಚಿತ್ರ ಇದ್ದರೆ ವರಹಕ್ಕೆ ಬೆಲೆ ಅನ್ನೋದು ವಿಜಯನಗರದಿಂದ ಬಂದ ನಂಬಿಕೆ. ಹೈದರ್ ಅಲಿ ಕೂಡ ತನ್ನ ಚಿನ್ನದ ನಾಣ್ಯದ ಮೇಲೆ ಶಿವ ಪಾರ್ವತಿಯರನ್ನ ಉಳಿಸಿಕೊಂಡ. ಮೋಸಗಾರರು ಸುಮ್ಮನೆ ಹನುಮಂತನನ್ನ ಆರಿಸ್ಕೊಂಡಿಲ್ಲ. ನಂಬೋಕೆ ಒಂದು ಎಳೆ ನಿಜ ಇರಬೇಕಲ್ಲ.

ಹಾಗೇ, ಗೊತ್ತಿಲ್ಲದವನಿಗೆ ಅಸಲಿಯೇ ನಕಲಿ ಥರ ಕಾಣೋದೂ ಉಂಟು. ಟಿಪ್ಪು ಒಂದು ಹಂತದಲ್ಲಿ ಹಿಜರಿ ಬಿಟ್ಟು ಮೌಲೂದಿ ಅಂತ ಹೊಸ ಶಕೆ ತಂದ, 1215ರಿಂದ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. ಎಡದಿಂದ ಓದಿದರೆ 5121 ಅಂತ ಕಾಣುತ್ತೆ. ಇದನ್ನ ನೋಡಿ 'ಇಸವಿಯೇ ತಪ್ಪಿದೆ, ಡೂಪ್ಲಿಕೇಟು' ಅಂತ ಆನೆ ಕಾಸನ್ನ ಬಿಸಾಕಿದವರನ್ನ ನಾನು ಕಂಡಿದ್ದೀನಿ. ಜೆ.ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆ ಬರೆದ ಪುಸ್ತಕ, ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ ಬರೆದ ಪುಸ್ತಕ, ಇವೆರಡನ್ನ ತಿರುವಿ ಹಾಕಿದ್ದರೆ ನನ್ನ ಎಂಟು ಸಾವಿರ ಅಲ್ಲದಿದ್ದರೂ ಆಮೇಲಿನ ಸಣ್ಣ ಪುಟ್ಟ ಪೆಟ್ಟುಗಳಾದರೂ ತಪ್ಪುತ್ತಿದ್ದವು. ನಾಣ್ಯ ಕೊಳ್ಳೋಕೆ ಮುಂಚೆ ಪುಸ್ತಕ ಕೊಂಡ್ಕೋ ಅಂತ ಆ ಲೆನ್ಸಿನ ಹಿರಿಯರು ಹೇಳಿದ್ದರು. ನಾನು ಉಲ್ಟಾ ಮಾಡಿದ್ದೆ.

ಶನಿವಾರ ಬೆಳಗ್ಗೆ ಊರಿಗೆ ಹೊರಟಾಗ ಬ್ಯಾಗಲ್ಲಿ ಎರಡು ದಶಾಂಶದವರೆಗೆ ತೋರಿಸುವ ಸಣ್ಣ ತಕ್ಕಡಿ, ಲೆನ್ಸು, ಹಳೇ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ ಇಟ್ಕೊಂಡಿದ್ದೆ. ದಾರಿಯುದ್ದಕ್ಕೂ ಅಜ್ಜಿಯ ರೂಪಾಯಿಗಳೇ ನೆನಪಾಗ್ತಿದ್ದವು.

ಅಜ್ಜಿ ಹತ್ತಿರ ಹಾರ್ಲಿಕ್ಸ್ ಡಬ್ಬದಲ್ಲಿ ಇಪ್ಪತ್ತೆರಡು ಬೆಳ್ಳಿ ರೂಪಾಯಿ ಇದ್ದವು. 2006ರಲ್ಲಿ ನನ್ನ ಬಿಇ ಮೊದಲ ವರ್ಷದ ಫೀಸಿಗೆ ದುಡ್ಡು ಸಾಲದೆ ಅವನ್ನ ಮಾರೋದು ಅಂತಾಯ್ತು. ಮೊಪೆಡ್ಡಿನಲ್ಲಿ ಊರೂರು ಸುತ್ತುವ ಒಬ್ಬ ಬಂದ. ಅವನು ಬರೋ ದಿನ ಅಮ್ಮ ಮರ್ಯಾದೆಗೆ ಅಂತ ಅಷ್ಟನ್ನೂ ಹುಣಸೆಹಣ್ಣು ಬೂದಿ ಹಾಕಿ ಗಸಗಸ ಉಜ್ಜಿ ಕನ್ನಡಿ ಮಾಡಿಟ್ಟಿದ್ದಳು. ನೂರು ವರ್ಷ ನಿಧಾನಕ್ಕೆ ಕೂತ ಆ ಕಪ್ಪು ಬಣ್ಣವೇ ಸಂಗ್ರಾಹಕರಿಗೆ ಬೇಕಾದದ್ದು, ಉಜ್ಜಿದ ನಾಣ್ಯದ ಮೇಲೆ ಬೀಳೋ ಸಣ್ಣ ಗೆರೆಗಳು ಎಂದೂ ಹೋಗಲ್ಲ ಅಂತ ನಮಗ್ಯಾರಿಗೆ ಗೊತ್ತಿತ್ತು? ಅವನು ಒಂದೊಂದನ್ನೂ ಎತ್ತಿ ನೋಡಿ "ಸವಕಲು ಕಣಮ್ಮ, ಬೆಳ್ಳಿ ಕಮ್ಮಿ" ಅಂತ ಮೂತಿ ಸೊಟ್ಟ ಮಾಡಿದ. ಒಂದಕ್ಕೆ ತೊಂಬತ್ತು ರೂಪಾಯಿ ಕೊಟ್ಟ.

ಲೆಕ್ಕ ಎಷ್ಟು ಸುಲಭ ಇತ್ತು ಅಂತ ಆಮೇಲೆ ಗೊತ್ತಾಯ್ತು. 1835ರಿಂದ 1939ರವರೆಗಿನ ರೂಪಾಯಿ ಅಂದರೆ 180 ಗ್ರೇನ್, ನಮ್ಮ ಒಂದು ತೊಲ, 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.69 ಗ್ರಾಂ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗೋಕೆ ರೂಪಾಯಿಯನ್ನೇ ತೂಕದ ಬೊಟ್ಟಾಗಿ ಇಡ್ತಿದ್ದದ್ದು ಇದಕ್ಕೇ. 1940ರಿಂದ ಬಂದ ಬೆಳ್ಳಿ ರೂಪಾಯಿಯಲ್ಲಿ ಅರ್ಧವೇ ಬೆಳ್ಳಿ, 5.83 ಗ್ರಾಂ. 1947ರದ್ದು ಪೂರ್ತಿ ನಿಕ್ಕಲ್, ಬೆಳ್ಳಿಯೇ ಇಲ್ಲ, ಅಯಸ್ಕಾಂತಕ್ಕೂ ಅಂಟುತ್ತೆ. ಅವತ್ತಿನ ಬೆಳ್ಳಿ ದರದಿಂದ 10.69 ಗುಣಿಸಿದರೆ ನಾಣ್ಯದ ತಳ ಬೆಲೆ ಸಿಕ್ಕಿತು, ಅದಕ್ಕಿಂತ ಕಮ್ಮಿಗೆ ಯಾರು ಕೇಳಿದರೂ ಬಾಗಿಲು ತೋರಿಸಬಹುದು. ಆ ದಿನದ ದರಕ್ಕೆ ನಮ್ಮ ರೂಪಾಯಿ ಒಂದೊಂದಕ್ಕೂ ಅವನು ಕೊಟ್ಟಿದ್ದರ ದುಪ್ಪಟ್ಟು ಬರ್ತಿತ್ತು. ನನ್ನ ಬಿಇ ಸರ್ಟಿಫಿಕೇಟಿನ ಒಂದು ಮೂಲೆ ಆ ಮೊಪೆಡ್ಡಿನವನದು ಅಂತ ಈಗಲೂ ಅನ್ನಿಸುತ್ತೆ.

ತಳ ಬೆಲೆಯ ಮೇಲೆ ಎಷ್ಟು ಅನ್ನೋದು ಕಷ್ಟದ ಪ್ರಶ್ನೆ, ಅಲ್ಲಿ 'ಹಳೇದು' ಅನ್ನೋ ಮಾತಿಗೆ ಹೆಚ್ಚು ಬೆಲೆ ಇಲ್ಲ. ವಿಕ್ಟೋರಿಯಾಳ 1840ರ ರೂಪಾಯಿ ತಗೊಳ್ಳಿ. 1840 ಅಂತ ಇದ್ದರೂ ಅದು ಅಚ್ಚಾದದ್ದು 1862ರವರೆಗೂ. ಮತ್ತದೇ ವಟ್ಟದ ಭಯ, ಮತ್ತದೇ ಹಾರ್ಡ್‌ಕೋಡ್. ರಾಣಿಯ ಹೆಸರು ಒಂದೇ ಸುತ್ತಿನಲ್ಲಿ ಬಂದಿದ್ದರೆ ಮೊದಲಿನದು, ತಲೆಯ ಎರಡೂ ಪಕ್ಕಕ್ಕೆ ಒಡೆದು ಬರೆದಿದ್ದರೆ ನಂತರದ್ದು ಅಂತ ಗುರುತು. ಆಮೇಲೆ 1862 ಅಂತ ಹಾಕಿ 1874ರವರೆಗೂ ಅದನ್ನೇ ಅಚ್ಚು ಹಾಕಿದರು, ನಿಜವಾದ ವರ್ಷ ತಿಳಿಯೋಕೆ ಬೊಂಬಾಯಿ ಟಂಕಸಾಲೆಯವರು ಸಣ್ಣ ಚುಕ್ಕೆಗಳನ್ನ ಇಟ್ಟರು. ಹಾಗಾಗಿ 1862ರ ರೂಪಾಯಿ ಕೋಟಿಗಟ್ಟಲೆ ಇವೆ, ಅದಕ್ಕಿಂತ ಎಪ್ಪತ್ತೇಳು ವರ್ಷ ಚಿಕ್ಕದಾದ 1939 ಸಿಗಲ್ಲ. ಇನ್ನೊಂದು ಉದಾಹರಣೆ: 1809ರ ಜನವರಿಯಲ್ಲಿ ಅಡ್ಮಿರಲ್ ಗಾರ್ಡನರ್ ಅನ್ನೋ ಹಡಗು ಮದರಾಸಿಗೆ ಹೊರಟು ಇಂಗ್ಲೆಂಡಿನ ಕರಾವಳಿ ದಾಟೋದರೊಳಗೆ ಮುಳುಗಿತು. ಅದರ ಹೊಟ್ಟೆಯಲ್ಲಿ ಟನ್ನುಗಟ್ಟಲೆ 1808ರ ಕಾಸುಗಳು. 1980ರ ದಶಕದಲ್ಲಿ ಅವನ್ನ ಮೇಲೆತ್ತಿದರು, ಲಕ್ಷಗಟ್ಟಲೆ ಸಿಕ್ಕವು. ಇನ್ನೂರು ವರ್ಷ ಹಳೇದು, ಸಮುದ್ರದ ತಳದಿಂದ ಬಂದದ್ದು, ಕಥೆ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಎಷ್ಟು ಬೇಕಾದರೂ ಸಿಗುತ್ತೆ, ಹಾಗಾಗಿ ಅಗ್ಗ. ಕಥೆಗೆ ದುಡ್ಡು ಕೊಡಬಾರದು. ಇಂಟರ್ನೆಟ್ಟಲ್ಲಿ ಕಾಣೋ ಬೆಲೆಗಳೆಲ್ಲ ಕೇಳುವ ಬೆಲೆ, ಯಾರು ಏನು ಬೇಕಾದರೂ ಕೇಳಬಹುದು. ಹರಾಜು ಮುಗಿದ ಮೇಲೆ ಹರಾಜಿನವರು ಹಾಕುವ ಪಟ್ಟಿಯಲ್ಲಿ ಎಷ್ಟಕ್ಕೆ ಹೋಯ್ತು ಅಂತ ಇರುತ್ತಲ್ಲ, ನಾನು ನಂಬೋದು ಅದನ್ನ. ಅದರಲ್ಲೂ ಅವರ ಕಮಿಷನ್, ಟ್ಯಾಕ್ಸು ಸೇರಿದೆಯೋ ಇಲ್ಲವೋ ನೋಡ್ಕೋಬೇಕು.

ಮಾರೋಕೆ ಹೊರಟವರಿಗೆ ಹೊಸ ಬಲೆಯೊಂದಿದೆ. ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತೀವಿ ಅಂತ ಮೆಸೇಜು ಬರುತ್ತೆ. ಫೋನ್ ಮಾಡಿದರೆ ಮೊದಲು ರಿಜಿಸ್ಟ್ರೇಷನ್ ಫೀ, ಆಮೇಲೆ ಟ್ಯಾಕ್ಸು, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್ನು. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟು, ನಾವು ಹಳೇ ನೋಟು ನಾಣ್ಯದ ಇಂಥ ವ್ಯವಹಾರದಲ್ಲಿಲ್ಲ, ಯಾರಿಗೂ ಫೀಸು ವಸೂಲಿ ಮಾಡೋಕೆ ಹೇಳಿಲ್ಲ ಅಂತು. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕೇ ಹೊರತು ನಿಮ್ಮಿಂದ ಕೇಳೋದೆಂಥದು?

ಊರು ತಲುಪಿದಾಗ ಚಿಕ್ಕಪ್ಪ ಜಗಲಿ ಮೇಲೆ ಕೂತಿದ್ದ. ಮುಖ ನೋಡಿದರೇ ಗೊತ್ತಾಯ್ತು, ನನ್ನ ಮಾತು ಕೇಳೋ ಸ್ಥಿತಿಯಲ್ಲಿಲ್ಲ. "ನೀನು ಓದ್ದೋನು ಕಣಪ್ಪ, ಪುಸ್ತಕದಲ್ಲಿ ಇರೋದು ನಿಂಗೊತ್ತು. ನಾನು ಕಣ್ಣಾರೆ ನೋಡಿವ್ನಿ. ಅದನ್ನ ಅಕ್ಕಿ ಹತ್ರ ಹಿಡುದ್ರೆ ಅಕ್ಕಿ ಕಾಳು ಹಂಗೆ ಎದ್ದೆದ್ದು ಬಂದ್ವು. ಅದರಲ್ಲಿ ಇರಿಡಿಯಂ ಅಂತ ಅದೆಯಂತೆ. ಇಸ್ರೋದೋರು ತಗೊಂತಾರಂತೆ. ಹಳೇ ಕೋಟೆ ಪಾಯ ತೋಡುವಾಗ ಸಿಕ್ಕಿದ್ದಂತೆ." ರೈಸ್ ಪುಲ್ಲಿಂಗ್! ಪೇಪರಿನಲ್ಲಿ ಎಷ್ಟು ಸಲ ಓದಿದ್ದೆ, ನಮ್ಮ ಮನೆ ಜಗಲಿಗೇ ಬರುತ್ತೆ ಅಂದ್ಕೊಂಡಿರಲಿಲ್ಲ.

ಇತಿಹಾಸ ಹೇಳಿದೆ. 1818, ಆಲಂಗೀರ, ಒಂದಾಣೆ, ಎಲ್ಲ. ತಲೆ ಆಡಿಸಿದ, ಬಗ್ಗಲಿಲ್ಲ. ಪಾಯ ತೋಡುವಾಗ ಸಿಕ್ಕಿದ್ದು ನಿಜವೇ ಆಗಿದ್ದರೆ ಅದು ನಿಧಿ, ಕಾನೂನಿನ ಪ್ರಕಾರ ನಿಧಿ ಸಿಕ್ಕರೆ ಡೀಸಿಗೆ ತಿಳಿಸಬೇಕು, ಮುಚ್ಚಿಟ್ಟರೆ ಜೈಲು ಅಂದೆ. ಸ್ವಲ್ಪ ಅಳುಕಿದ, ಆದರೆ ಬಗ್ಗಲಿಲ್ಲ.

ಆಗ ಸರ್ಕಲ್ಲಿನ ವೆಲ್ಡಿಂಗ್ ಅಂಗಡಿಗೆ ಹೋಗಿ, ಗ್ರೈಂಡಿಂಗ್ ಮಾಡುವಾಗ ಉದುರಿದ ಕಬ್ಬಿಣದ ಪುಡಿ ಒಂದು ಪೊಟ್ಟಣ ತಂದೆ. ಚಿಕ್ಕಮ್ಮನ ಹತ್ತಿರ ಒಂದು ಹಿಡಿ ಅಕ್ಕಿ, ಸ್ವಲ್ಪ ಗಂಜಿ ಇಸ್ಕೊಂಡು ಕಲಸಿ ಬಿಸಿಲಿಗೆ ಹರವಿದೆ. ಅಕ್ಕಿ ಹಾಳಾಯ್ತು ಅಂತ ಚಿಕ್ಕಮ್ಮ ಬೈತಿದ್ದಳು. ಒಂದು ಗಂಟೆ ಬಿಟ್ಟು, ಸ್ಪೀಕರಿನ ಅಯಸ್ಕಾಂತವನ್ನ ಅಂಗೈಲಿ ಅಡಗಿಸಿ ಅದರ ಕೆಳಗೆ ಈಗಿನ ಒಂದು ರೂಪಾಯಿ ನಾಣ್ಯ ಹಿಡಿದು ತಟ್ಟೆ ಮೇಲೆ ತಂದೆ. ಕಾಳುಗಳು ಟಕಟಕ ಅಂತ ಹಾರಿ ನಾಣ್ಯಕ್ಕೆ ಮೆತ್ಕೊಂಡವು. ಬಣ್ಣ ಕಪ್ಪಾಗಿತ್ತು, ಅವರು ನನಗಿಂತ ನಾಜೂಕಾಗಿ ಮಾಡಿರಬೇಕು.

"ಅವ್ರು ತೋರ್ಸಿದ್ದು ನಮ್ಮನೆ ಅಕ್ಕಿಲೋ ಅವ್ರ ಅಕ್ಕಿಲೋ ಚಿಕ್ಕಪ್ಪ?"

ತುಂಬಾ ಹೊತ್ತು ಮಾತಾಡಲಿಲ್ಲ. "ಅವ್ರೇ ತಂದಿದ್ರು" ಅಂದ. ಆಮೇಲೆ, ಚಿಕ್ಕಮ್ಮ ಹಟ್ಟಿ ಕಡೆ ಹೋದದ್ದು ನೋಡ್ಕೊಂಡು, ಇಪ್ಪತ್ತು ಸಾವಿರ ಮೊದಲೇ ಟೋಕನ್ ಕೊಟ್ಟಿದ್ದೀನಿ ಅಂದ.

ಸಂಜೆ ಪಾರ್ಟಿಯ ಫೋನ್ ಬಂತು. ಚಿಕ್ಕಪ್ಪ ಸ್ಪೀಕರಿಗೆ ಹಾಕಿ, ನನ್ನ ಕಡೆ ನೋಡ್ತಾ ಕೇಳಿದ: "ಸ್ವಾಮಿ, ಅದರ ತೂಕ ಎಷ್ಟು ಹೇಳಿ. ನಮ್ಮ ಹುಡುಗ ತಕ್ಕಡಿ ತಂದವ್ನೆ, ನಮ್ಮನೆ ಅಕ್ಕಿಲೇ ಒಂದಪ ನೋಡವಾ." ಆ ಕಡೆಯಿಂದ ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಲೈನ್ ಕಟ್. ಮತ್ತೆ ಮಾಡಿದರೆ ಸ್ವಿಚ್ ಆಫ್.

ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದೆ. ಊರಲ್ಲಿ ಮಾನ ಹೋಯ್ತದೆ, ಬ್ಯಾಡ ಅಂದ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಆ ಇಪ್ಪತ್ತು ಸಾವಿರ ವಾಪಸ್ ಬರಲಿಲ್ಲ. ನಾನು ಕಳಿಸ್ತೀನಿ ಅಂದಿದ್ದಕ್ಕೂ ಬೇಡ ಅಂದವನು, ಬೋರು ಕೊರೆಸುವಾಗ ಕೇಸಿಂಗ್ ಪೈಪಿನ ದುಡ್ಡು ಮಾತ್ರ ನನ್ನಿಂದ ಇಸ್ಕೊಂಡ.

ಹೊರಡುವ ಮುಂಚೆ ಒಳಗಿಂದ ಬಟ್ಟೆ ಗಂಟೊಂದು ತಂದು ಬಿಚ್ಚಿದ. ಅಜ್ಜಿಯ ಇಪ್ಪತ್ತಮೂರನೇ ರೂಪಾಯಿ. ಯಾವಾಗಲೋ ಸರಕ್ಕೆ ಪೋಣಿಸೋಕೆ ಅಂತ ಕೊಂಡಿ ಬೆಸೆಸಿದ್ದು, ಅದಕ್ಕೇ ಮೊಪೆಡ್ಡಿನವನು ಬೇಡ ಅಂತ ಬಿಟ್ಟು ಹೋಗಿದ್ದ. ಕಪ್ಪಗೆ, ಒಮ್ಮೆಯೂ ಉಜ್ಜದೆ ಉಳಿದಿತ್ತು. ವಿಕ್ಟೋರಿಯಾ, 1840, ಹೆಸರು ತಲೆಯ ಎರಡೂ ಪಕ್ಕಕ್ಕೆ ಒಡೆದಿದೆ. ತಕ್ಕಡಿಗೆ ಹಾಕಿದೆ, 11.97. ಕೊಂಡಿಯ ತೂಕ ಸೇರಿ.

"ಇದಾದ್ರೂ ಅಸ್ಲಿಯೇನ್ಲಾ?"

"ಅಸ್ಲಿ. ಇಸ್ವಿ ಒಂದು ಸುಳ್ಳು."

ಅವನಿಗೆ ಅರ್ಥವಾಗಲಿಲ್ಲ. ಕೂತ್ಕೊಂಡು ಮತ್ತೆ ಮೊದಲಿಂದ ಹೇಳೋಕೆ ಶುರು ಮಾಡಿದೆ, ಕೊನೇ ಬಸ್ಸು ತಪ್ಪಿತು.